ತಗ್ಗಿಸಿದ ಸಫಾರಿ, ಆಗುಂಬೆಯ ಹದಿನಾಲ್ಕು ತಿರುವು

ಅಮ್ಮನನ್ನು ಮೂರು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಬೇಕು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಹಾಗಾಗಿ ಆಗುಂಬೆ ಘಾಟಿ ಇಳಿದೇ ಹೋಗಬೇಕು. ಕೆಳಗೆ ಸೋಮೇಶ್ವರ ಮುಟ್ಟುವಷ್ಟರಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಸ್ಟೇರಿಂಗ್ ಹಿಡಿದವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂತ ಅಮ್ಮ ಮಾತ್ರ ಒಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ, ಇನ್ನೊಂದು ಕೈಯಲ್ಲಿ ಮೂಸೋಕೆ ಒಂದು ನಿಂಬೆಹಣ್ಣು ಹಿಡಿದು ಕಣ್ಣು ಮುಚ್ಚಿಬಿಡುತ್ತಿದ್ದಳು. "ಮಾರಾಯ್ತಿ, ಸಿಗಂದೂರಿನ ಲಾಂಚೇ ವಾಸಿ. ಅದೂ ಇಷ್ಟು ಓಲಾಡ್ತಿರಲಿಲ್ಲ" ಅಂದಿದ್ದಳು ಒಂದು ಸಲ.

ಆ ಓಲಾಟ ಕಡಿಮೆ ಮಾಡುವುದಕ್ಕೆ ನನಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಏನು ಮಾಡಿದೆ, ಯಾಕೆ ಮಾಡಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಮಲೆನಾಡಿನಲ್ಲಿ ನನ್ನ ಹಾಗೇ ಹಳೇ ಗಾಡಿ ಇಟ್ಟುಕೊಂಡವರು ತುಂಬಾ ಜನ ಇದ್ದಾರೆ.

ಗಾಡಿ 2008ರ ಟಾಟಾ ಸಫಾರಿ, 2.2 ಡೈಕೋರ್ ಡೀಸೆಲ್ ಎಂಜಿನ್. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಮುಂಚಿನ ಮಾಲೀಕರು ಅದನ್ನು ಚೆಂದ ಕಾಣಲಿ ಅಂತ ತಗ್ಗಿಸಿದ್ದರು. ಅಮ್ಮನಿಗೆ ಮಂಡಿನೋವು. ಮಾಮೂಲಿ ಸಫಾರಿ ಹತ್ತಬೇಕು ಅಂದರೆ ಕಾಲನ್ನು ಎತ್ತರಕ್ಕೆ ಇಟ್ಟು, ಹಿಡಿ ಹಿಡಿದು, ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಇದಕ್ಕೆ ಅವಳು ಸಲೀಸಾಗಿ ಹತ್ತಿ ಕೂತಳು. ಅದನ್ನು ನೋಡಿಯೇ ಅಡ್ವಾನ್ಸ್ ಕೊಟ್ಟೆ. ತಗ್ಗಿದ ಗಾಡಿ ತಿರುವಿನಲ್ಲಿ ಕಡಿಮೆ ವಾಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ.

ಬೆಂಗಳೂರಿನಿಂದ ಶಿವಮೊಗ್ಗದವರೆಗೆ ಏನೂ ಗೊತ್ತಾಗಲಿಲ್ಲ. ನೇರ ರಸ್ತೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಕಡೆ ತುಂಗಾ ಪಕ್ಕದ ತಿರುವುಗಳು ಶುರುವಾದ ಮೇಲೆ ಗೊತ್ತಾಯಿತು. ಸ್ಟೇರಿಂಗ್ ತಿರುಗಿಸಿದ ಕೂಡಲೇ ಗಾಡಿ ಮೆಲ್ಲಗೆ ಹೊರಗಡೆಗೆ ವಾಲುತ್ತಿತ್ತು. ವಾಲುತ್ತಾ ಹೋಗಿ ಕೊನೆಗೆ ಮುಂದಿನ ಚಕ್ರದ ಹತ್ತಿರ 'ಧಡ್' ಅಂತ ಒಂದು ಏಟು. ಅದಾದ ಮೇಲೆ ವಾಲುವುದು ನಿಲ್ಲುತ್ತಿತ್ತು. ಆದರೆ ಮುಂದಿನ ಚಕ್ರ ರಸ್ತೆ ಮೇಲೆ ಸಣ್ಣಗೆ ಕುಪ್ಪಳಿಸಿದ ಹಾಗೆ ಆಗಿ ಗಾಡಿ ಅಂಚಿನ ಕಡೆ ಜಾರುತ್ತಿತ್ತು. ಒಣ ರಸ್ತೆಯಲ್ಲೇ ಹೀಗೆ. ಇನ್ನು ಆಗುಂಬೆ ಅಂದರೆ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಜಾಗ. ನನಗೆ ನಿಜವಾಗಲೂ ಹೆದರಿಕೆ ಆಯಿತು.

ಮೊದಲು ಹೋದ ಗ್ಯಾರೇಜಿನಲ್ಲಿ ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದರು. ಬಿಲ್ ದೊಡ್ಡದಾಗಿಯೇ ಬಂತು. ಗಾಡಿ ಹಳ್ಳ ಹಾರಿದ ಮೇಲೆ ಕುಣಿಯುವುದು ನಿಂತಿತು, ಅದು ನಿಜ. ಆದರೆ ತಿರುವಿನಲ್ಲಿ ಅಷ್ಟೇ ವಾಲುತ್ತಿತ್ತು. ಯಾಕೆ ಅಂತ ಆಮೇಲೆ ಅರ್ಥವಾಯಿತು. ಗಾಡಿ ಎಷ್ಟು ಬೇಗ ವಾಲಬೇಕು, ಎಷ್ಟು ಬೇಗ ಸರಿಯಾಗಬೇಕು ಅನ್ನುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಉದ್ದ ತಿರುವಿನಲ್ಲಿ ಕೊನೆಗೆ ಎಷ್ಟು ವಾಲಿ ನಿಲ್ಲಬೇಕು ಅಂತ ತೀರ್ಮಾನ ಮಾಡುವುದು ಸ್ಪ್ರಿಂಗು ಮತ್ತು ಸ್ಟೆಬಿಲೈಸರ್ ಬಾರ್, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಅಡ್ಡ ಸರಳು. ಎಸ್ ಆಕಾರದ ತಿರುವಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಸೆದ ಹಾಗಾಗುವುದು ಹೊಸ ಶಾಕಿನಿಂದ ಸ್ವಲ್ಪ ಕಡಿಮೆಯಾಯಿತು. ಹೇರ್‌ಪಿನ್ನಿನಲ್ಲಿ ಏನೂ ಉಪಯೋಗವಾಗಲಿಲ್ಲ.

ಇನ್ನು ಅಳೆಯದೆ ದುಡ್ಡು ಹಾಕುವುದಿಲ್ಲ ಅಂತ ಆವತ್ತು ನಿರ್ಧಾರ ಮಾಡಿದೆ.

ಬೇಸಿಗೆ ರಜೆ. ನಮ್ಮೂರ ಶಾಲೆಯ ಮೈದಾನ ಖಾಲಿ ಇತ್ತು, ಮಣ್ಣು ಗಟ್ಟಿಯಾಗಿತ್ತು. ನಡುವೆ ಒಂದು ಗೂಟ ಹೊಡೆದು, 15 ಮೀಟರ್ ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ದುಂಡಗೆ ಗೆರೆ ಎಳೆದೆವು. ಆ ಗೆರೆ ಮೇಲೆ 25 ಕಿಲೋಮೀಟರ್ ವೇಗದಲ್ಲಿ ಸುತ್ತು ಹಾಕುವುದು. ಅಣ್ಣನ ಮಗ ಸುತ್ತಿನ ಹೊರಗೆ ಫೋನನ್ನು ಸ್ಟ್ಯಾಂಡಿಗೆ ಹಾಕಿ, ಮಟ್ಟಸ ಮಾಡಿ, ಗಾಡಿ ಬೆನ್ನು ಕಾಣುವಾಗ ವಿಡಿಯೋ ತೆಗೆಯುತ್ತಿದ್ದ. ಆಮೇಲೆ ವಿಡಿಯೋ ನಿಲ್ಲಿಸಿ, ಪರದೆ ಮೇಲೆ ಅವನ ಶಾಲೆಯ ಕೋನಮಾಪಕ ಇಟ್ಟು ಹಿಂದಿನ ಬಂಪರಿನ ಓರೆ ಅಳೆಯುವುದು. ಆ ವೇಗಕ್ಕೆ, ಆ ಸುತ್ತಿಗೆ, ಗಾಡಿಯನ್ನು ಹೊರಗೆ ತಳ್ಳುವ ಬಲ ಅದರ ತೂಕದ ಮೂರನೇ ಒಂದು ಭಾಗದಷ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಪ್ರತಿ ಸಲವೂ ವೇಗ ಒಂದೇ ಇರಬೇಕು. ಫೋನಿನಲ್ಲೇ ಮಟ್ಟ ನೋಡುವ ಆ್ಯಪ್ ಇದೆಯಲ್ಲ, ಅದನ್ನು ಗಾಡಿಯೊಳಗೆ ಇಟ್ಟರೆ ಆಗಲ್ವಾ ಅಂತ ಅವನು ಕೇಳಿದ. ಆಗುವುದಿಲ್ಲ. ತಿರುವಿನಲ್ಲಿ ಹೊರಗೆ ತಳ್ಳುವ ಬಲವನ್ನೂ ಅದು ಓರೆ ಅಂತಲೇ ಲೆಕ್ಕ ಹಾಕಿಬಿಡುತ್ತದೆ.

ಮೊದಲ ಅಳತೆ ನಾಲ್ಕೂವರೆ ಡಿಗ್ರಿ. ಸಣ್ಣದು ಅನಿಸುತ್ತದೆ ಅಲ್ವಾ? ಒಂದೂವರೆ ಮೀಟರ್ ಅಗಲಕ್ಕೆ ಲೆಕ್ಕ ಹಾಕಿ ನೋಡಿ. ಒಂದು ಬದಿ ಇನ್ನೊಂದಕ್ಕಿಂತ ಸುಮಾರು 12 ಸೆಂಟಿಮೀಟರ್ ಕೆಳಗೆ. ಅದೂ ಬರೀ 25ರ ವೇಗದಲ್ಲಿ.

ಆಮೇಲೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋದೆ. ಅಲ್ಲಿ ಒಬ್ಬರು ಸಾಬ್ರು ಇದ್ದಾರೆ. ವಯಸ್ಸಾದವರು, ಮಾತು ಕಡಿಮೆ. ನನ್ನ ವಿಡಿಯೋ ಎರಡು ಸಲ ನೋಡಿದರು. ಗಾಡಿಯನ್ನು ಗುಂಡಿ ಮೇಲೆ ನಿಲ್ಲಿಸಿ, ಕೈಯಲ್ಲಿ ಹ್ಯಾಂಡ್ ಲ್ಯಾಂಪ್ ಹಿಡಿದು ಕೆಳಗಿಳಿದರು. ಐದು ನಿಮಿಷವಾದ ಮೇಲೆ "ಮೇಡಂ, ಒಂದು ನಿಮಿಷ ಕೆಳಗೆ ಬನ್ನಿ, ನೀವೇ ನೋಡಿ" ಅಂತ ಕರೆದರು.

ಮುಂದಿನ ಬಂಪ್ ಸ್ಟಾಪ್ ರಬ್ಬರ್ ಮೊದಲು ತೋರಿಸಿದರು. ಚಕ್ರ ಪೂರ್ತಿ ಮೇಲೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ಹೊಡೆಯದ ಹಾಗೆ ಇರುವ ಗಟ್ಟಿ ರಬ್ಬರ್ ಅದು. ಅದು ಚಪ್ಪಟೆಯಾಗಿ, ಒಡೆದು, ಒಂದು ಕಡೆ ನುಣ್ಣಗೆ ಹೊಳೆಯುತ್ತಿತ್ತು. ಅದಕ್ಕೂ ಲೋವರ್ ಆರ್ಮಿಗೂ (ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು) ನಡುವೆ ನನ್ನ ಎರಡು ಬೆರಳು ತೂರುವಷ್ಟು ಸಂದಿ. 'ಧಡ್' ಅನ್ನುತ್ತಿದ್ದದ್ದು ಇದೇ. ಗಾಡಿ ವಾಲಿ ಹೊರಗಡೆಯ ಚಕ್ರ ಆ ರಬ್ಬರಿಗೆ ತಾಗಿದ ಕ್ಷಣದಿಂದ ಅಲ್ಲಿ ಸ್ಪ್ರಿಂಗೇ ಇಲ್ಲದ ಹಾಗೆ. ಮುಂದಿನ ಸಸ್ಪೆನ್ಷನ್ ಒಮ್ಮೆಲೇ ಕಲ್ಲಿನಂತಾಗುತ್ತದೆ. ಟೈರು ಹಿಡಿತ ಬಿಡುತ್ತದೆ. ಜಾರುತ್ತಿದ್ದದ್ದು ಅದಕ್ಕೇ.

ಆಮೇಲೆ ಲ್ಯಾಂಪನ್ನು ಸ್ವಲ್ಪ ಮುಂದಕ್ಕೆ ಹಿಡಿದರು. ಅಡ್ಡಕ್ಕೆ ಹೋಗುವ ಒಂದು ದಪ್ಪ ಸರಳು, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ. ಅದೇ ಸ್ಟೆಬಿಲೈಸರ್ ಬಾರ್. ಬಲಗಡೆ ತುದಿ ಲಿಂಕ್ ರಾಡ್ ಅನ್ನುವ ಸಣ್ಣ ಕೊಂಡಿಯ ಮೂಲಕ ಲೋವರ್ ಆರ್ಮಿಗೆ ಸೇರಿತ್ತು. ಎಡಗಡೆ ತುದಿ ಗಾಳಿಯಲ್ಲಿತ್ತು. ಲಿಂಕ್ ರಾಡೇ ಇಲ್ಲ. ಬೋಲ್ಟ್ ಇರಬೇಕಾದ ತೂತಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ಸಾಬ್ರು ಸ್ಕ್ರೂಡ್ರೈವರಿನಿಂದ ಆ ಮಣ್ಣು ಕೆದಕಿ ತೆಗೆದು, ತೂತಿನ ಒಳಗೆ ಬೆರಳಾಡಿಸಿ, "ಬಿಚ್ಚಿ ಬಹಳ ದಿನ ಆಗಿದೆ" ಅಂದರು. ತಗ್ಗಿಸಿದ ಮೇಲೆ ಲಿಂಕ್ ರಾಡ್ ಆರ್ಮಿಗೆ ತಾಗಿ ಸದ್ದು ಮಾಡಿರಬೇಕು. ಸದ್ದು ನಿಲ್ಲಲಿ ಅಂತ ಯಾರೋ ಬಿಚ್ಚಿ ಎಸೆದಿದ್ದಾರೆ.

ಈ ಬಾರ್ ಏನು ಮಾಡುತ್ತದೆ ಅಂತ ಗೊತ್ತಿದ್ದರೆ ಇದು ಎಷ್ಟು ದೊಡ್ಡ ತಪ್ಪು ಅಂತ ಅರ್ಥವಾಗುತ್ತದೆ. ಇಬ್ಬರು ಎರಡು ತುದಿ ಹಿಡಿದು ಒದ್ದೆ ಜಮಖಾನ ಹಿಂಡುತ್ತೇವಲ್ಲ, ಹಾಗೆ. ಎರಡೂ ಚಕ್ರ ಒಟ್ಟಿಗೆ ಮೇಲೆ ಬಂದರೆ ಬಾರ್ ಸುಮ್ನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಬಾರ್ ತಿರುಚಿಕೊಳ್ಳುತ್ತದೆ. ಉಕ್ಕು ತಿರುಚುವುದಕ್ಕೆ ಒಪ್ಪುವುದಿಲ್ಲ, ಎದುರು ಬಲ ಕೊಡುತ್ತದೆ. ಗಾಡಿ ವಾಲುವುದನ್ನು ತಡೆಯುವುದು ಆ ಬಲ. ಈಗ ಜಮಖಾನದ ಒಂದು ತುದಿಯವರು ಕೈಬಿಟ್ಟರು ಅಂತಿಟ್ಟುಕೊಳ್ಳಿ. ಇನ್ನೊಬ್ಬರು ಎಷ್ಟು ತಿರುಗಿಸಿದರೂ ಹಿಂಡಲು ಆಗುತ್ತಾ? ಒಂದು ಲಿಂಕ್ ಇಲ್ಲ ಅಂದರೆ ಅರ್ಧ ಕೆಲಸ ಅಂತ ಅಲ್ಲ. ಬಾರೇ ಇಲ್ಲದ ಹಾಗೆ.

ಹಾಗಿದ್ದರೆ ತಗ್ಗಿಸಿದ್ದರಿಂದ ಏನೂ ಲಾಭ ಆಗಲಿಲ್ಲವಾ ಅಂತ ಕೇಳಬಹುದು. ಇದನ್ನು ನಾನು ತುಂಬಾ ಯೋಚನೆ ಮಾಡಿದೆ. ನಮ್ಮ ಕಡೆಯವರಿಗೆ ದೋಟಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಅಡಿಕೆ ಕೊಯ್ಯುವ ದೋಟಿಯನ್ನು ನೆಟ್ಟಗೆ ಹಿಡಿದಾಗ, ಕೈ ಹಿಡಿದ ಜಾಗದಿಂದ ತುದಿ ಎಷ್ಟು ಮೇಲಿದೆಯೋ ಅಷ್ಟು ಅದು ಎಳೆಯುತ್ತದೆ. ಗಾಡಿಯಲ್ಲೂ ಹಾಗೇ. ಭಾರವೆಲ್ಲ ಕೂಡುವ ಒಂದು ಬಿಂದು ಮೇಲಿರುತ್ತದೆ. ಗಾಡಿ ಯಾವ ಜಾಗವನ್ನು ಹಿಡಿದು ವಾಲುತ್ತದೋ ಆ ಬಿಂದು, ಅಂದರೆ ರೋಲ್ ಸೆಂಟರ್, ಕೆಳಗಿರುತ್ತದೆ. ಇವೆರಡರ ನಡುವಿನ ದೂರ ಮುಖ್ಯ. ನೆಲದಿಂದ ಎಷ್ಟು ಎತ್ತರ ಅನ್ನುವುದಷ್ಟೇ ನೋಡಿದರೆ ಸಾಲದು.

ಈ ಸಫಾರಿಯ ಮುಂದೆ ಡಬಲ್ ವಿಷ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ಆರ್ಮ್. ಗಾಡಿ ತಗ್ಗಿದಾಗ ಆ ಆರ್ಮ್‌ಗಳ ಹೊರತುದಿ ಮೇಲಾಗಿ ಓರೆಯಾಗುತ್ತವೆ. ಆಗ ಮುಂದಿನ ರೋಲ್ ಸೆಂಟರ್ ಗಾಡಿಗಿಂತ ಜಾಸ್ತಿ ಕೆಳಗಿಳಿದುಬಿಡಬಹುದು. ದೋಟಿಯ ತುದಿ ಒಂದು ಗೇಣು ಇಳಿಯಿತು, ಹಿಡಿದ ಕೈ ಎರಡು ಗೇಣು ಕೆಳಗೆ ಜಾರಿತು. ಎಳೆತ ಜಾಸ್ತಿಯೇ ಆಯಿತು. ಹಿಂದೆ ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಆಕ್ಸಲ್, ಅದು ಪಕ್ಕಕ್ಕೆ ಸರಿಯದ ಹಾಗೆ ಅಡ್ಡಕ್ಕೆ ಪ್ಯಾನ್‌ಹಾರ್ಡ್ ರಾಡ್. ಆ ರಾಡಿನ ಒಂದು ತುದಿ ಆಕ್ಸಲಿಗೆ, ಇನ್ನೊಂದು ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ. ಹಾಗಾಗಿ ಗಾಡಿ ಇಳಿದದ್ದರಲ್ಲಿ ಅರ್ಧದಷ್ಟೇ ಹಿಂದಿನ ರೋಲ್ ಸೆಂಟರ್ ಇಳಿಯುತ್ತದೆ. ಹಿಂದೆ ಸ್ವಲ್ಪ ಲಾಭ, ಮುಂದೆ ನಷ್ಟ. ತಗ್ಗಿಸಿದರೆ ವಾಲುವುದು ನಿಲ್ಲುತ್ತದೆ ಅನ್ನುವ ಮಾತು ಎಲ್ಲ ಗಾಡಿಗೂ ಹೊಂದುವುದಿಲ್ಲ.

ಎಷ್ಟು ತಗ್ಗಿದೆ ಅಂತ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದು ಅಳೆದೆವು. ಪಕ್ಕದಲ್ಲೇ ರಿಪೇರಿಗೆ ಬಂದಿದ್ದ ಇನ್ನೊಂದು ಸಫಾರಿಗೆ ಹೋಲಿಸಿದರೆ ಮುಂದೆ ಎರಡೂವರೆ ಇಂಚು, ಹಿಂದೆ ಎರಡೂಕಾಲು ಇಂಚು ಕಡಿಮೆ. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುವುದರಿಂದ ಬೋಲ್ಟ್ ತಿರುಗಿಸಿದರೆ ಸಾಕು, ಇಳಿಯುತ್ತದೆ. ಹಿಂದಿನ ಸ್ಪ್ರಿಂಗನ್ನು ಮಾತ್ರ ಗ್ರೈಂಡರಿನಲ್ಲಿ ಕತ್ತರಿಸಿದ್ದರು. ಕತ್ತರಿಸಿದ ತುದಿ ತನ್ನ ಕಪ್ಪಿನಲ್ಲಿ ಸರಿಯಾಗಿ ಕೂರದೆ ಲೋಹವನ್ನು ಕೊರೆದಿತ್ತು. ಆ ಗುರುತನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಗಾಡಿಯಲ್ಲೇ ಅಲ್ವಾ ಅಮ್ಮನನ್ನು ಘಾಟಿ ಇಳಿಸಿದ್ದು.

ಪೂರ್ತಿ ಮೊದಲಿನ ಎತ್ತರಕ್ಕೆ ತಂದುಬಿಡೋಣ ಅಂದರು ಸಾಬ್ರು. ಗಾಡಿಗೆ ಅದೇ ಒಳ್ಳೆಯದು. ಆದರೆ ಅಮ್ಮನ ಮಂಡಿ? ಕೊನೆಗೆ ಮೊದಲಿನ ಎತ್ತರಕ್ಕಿಂತ ಒಂದು ಇಂಚು ಮಾತ್ರ ಕಡಿಮೆ ಇಡೋಣ, ಬಾಗಿಲ ಕೆಳಗೆ ಅಗಲವಾದ ಮೆಟ್ಟಿಲು ಹಾಕೋಣ ಅಂತ ತೀರ್ಮಾನವಾಯಿತು. ಒಂದು ಇಂಚಿಗೆ ಆರ್ಮ್‌ಗಳು ಅಷ್ಟು ಓರೆಯಾಗುವುದಿಲ್ಲ, ಬಂಪ್ ಸ್ಟಾಪಿನ ಹತ್ತಿರ ಬೇಕಾದಷ್ಟು ಜಾಗ ಉಳಿಯುತ್ತದೆ.

ಮುಂದೆ ಬೋಲ್ಟ್ ತಿರುಗಿಸಿ ಏರಿಸಿದರು. ಇಲ್ಲೊಂದು ಮಾತು. ಟಾರ್ಷನ್ ಬಾರಿನ ಬೋಲ್ಟ್ ಬಿಗಿ ಮಾಡಿದರೆ ಸಸ್ಪೆನ್ಷನ್ ಗಟ್ಟಿಯಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಎತ್ತರ ಬದಲಾಗುತ್ತದೆ, ಅಷ್ಟೇ. ಬಾರ್ ಎಷ್ಟು ಗಟ್ಟಿ ಅನ್ನುವುದು ಅದರ ದಪ್ಪ ಮತ್ತು ಉದ್ದದ ಮೇಲಿದೆ. ಹಿಂದಕ್ಕೆ ಬೆಂಗಳೂರಿನಲ್ಲಿ ಹೊಸ ಸ್ಪ್ರಿಂಗ್ ಸುತ್ತಿಸಿ ತರಿಸಿದೆ. ಎತ್ತರ ಒಂದು ಇಂಚು ಕಡಿಮೆ ಕೂರುವ ಹಾಗೆ, ತಂತಿ ಸ್ವಲ್ಪ ದಪ್ಪ. ತಂತಿಯ ದಪ್ಪದಲ್ಲಿ ಜಾಗ್ರತೆ ಬೇಕು. 13 ಮಿಲಿಮೀಟರ್ ತಂತಿಯ ಬದಲು 14 ಹಾಕಿದರೆ, ಸುತ್ತುಗಳು ಅಷ್ಟೇ ಇದ್ದರೂ, ಸ್ಪ್ರಿಂಗ್ ಮೂರನೇ ಒಂದು ಭಾಗದಷ್ಟು ಜಾಸ್ತಿ ಗಟ್ಟಿಯಾಗುತ್ತದೆ. ಒಂದೇ ಒಂದು ಮಿಲಿಮೀಟರಿಗೆ ಇಷ್ಟು!

ಸ್ಟೆಬಿಲೈಸರ್ ಬಾರ್ ಇನ್ನೂ ಜೋಡಿಸಿರಲಿಲ್ಲ. ಅದಕ್ಕೂ ಮುಂಚೆ ಊರಿಗೆ ತಂದು ಮೈದಾನದಲ್ಲಿ ಸುತ್ತು ಹಾಕಿದೆವು. ನಾಲ್ಕು ಡಿಗ್ರಿಯ ಹತ್ತಿರ. 'ಧಡ್' ಸದ್ದು ಪೂರ್ತಿ ಹೋಗಿತ್ತು. ಓಲಾಟ ಇತ್ತು.

ಮತ್ತೆ ಶಿವಮೊಗ್ಗಕ್ಕೆ ಹೋಗಿ ಎರಡೂ ಕಡೆ ಹೊಸ ಲಿಂಕ್ ರಾಡ್ ಹಾಕಿಸಿದೆ. ಒಂದು ಇಂಚು ತಗ್ಗಿರುವ ಲೆಕ್ಕಕ್ಕೆ ಉದ್ದವನ್ನು ಲೇತಿನಲ್ಲಿ ಸ್ವಲ್ಪ ಕಡಿಮೆ ಮಾಡಿಸಿದೆವು. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗಲೇ ಲಿಂಕಿನ ಬೋಲ್ಟ್ ಬಿಗಿ ಮಾಡಬೇಕು. ಜಾಕ್ ಮೇಲೆ ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಗಾಡಿ ಕೆಳಗಿಳಿದ ಮೇಲೆ ಬುಶ್ (ಜೋಡಣೆಯೊಳಗಿನ ರಬ್ಬರ್ ಬಳೆ) ತಿರುಚಿಕೊಂಡೇ ಇರುತ್ತದೆ, ಬೇಗ ಹರಿದುಹೋಗುತ್ತದೆ. ಸಾಬ್ರು ಗುಂಡಿಯೊಳಗೆ ನಿಂತು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಪಕ್ಕದ ಸೀಟಿನಲ್ಲಿ ಒಂದು ಮೂಟೆ ಇಟ್ಟು ಬಿಗಿ ಮಾಡಿದರು. ಬಾರನ್ನು ಚಾಸಿಗೆ ಹಿಡಿಯುವ ಡಿ ಬುಶ್‌ಗಳು ಬಾಯಿ ಬಿಟ್ಟಿದ್ದವು. ಬಾರ್ ಅದರೊಳಗೆ ಲೊಟಲೊಟ ಅನ್ನುತ್ತಿತ್ತು. ಆ ಸಡಿಲು ಮುಗಿಯುವವರೆಗೆ ಬಾರ್ ಕೆಲಸವೇ ಶುರು ಮಾಡುವುದಿಲ್ಲ. ಅದಕ್ಕೆ ಪಾಲಿಯುರೆಥೇನ್ ಬುಶ್ ಹಾಕಿಸಿದೆ. ಲೋವರ್ ಆರ್ಮಿಗೆ ಮಾತ್ರ ಮಾಮೂಲಿ ರಬ್ಬರ್. ನಮ್ಮ ರಸ್ತೆಯ ಹಳ್ಳಗಳಿಗೆ ಅಲ್ಲಿ ಮೆತ್ತಗಿರುವುದೇ ಬೇಕು.

ಲಿಂಕು, ಬುಶ್, ಕೂಲಿ ಎಲ್ಲ ಸೇರಿ ಶಾಕ್ ಅಬ್ಸಾರ್ಬರಿನ ಬಿಲ್ಲಿನ ಐದನೇ ಒಂದು ಭಾಗವೂ ಆಗಲಿಲ್ಲ. ಮೈದಾನದ ಅಳತೆ ಎರಡೂವರೆ ಡಿಗ್ರಿಗೆ ಇಳಿಯಿತು. ಅಣ್ಣನ ಮಗ ನಂಬದೆ ಮೂರು ಸಲ ಅಳೆದ.

ಮೇಲಿನ ಕ್ಯಾರಿಯರ್ ಬಿಚ್ಚಿಸಿಬಿಟ್ಟೆ. ಗೊಬ್ಬರದ ಚೀಲ, ಏಣಿ ಅಂತ ಅದರ ಮೇಲೆ ಏನಾದರೂ ಇದ್ದೇ ಇರುತ್ತಿತ್ತು. ಅಷ್ಟು ಎತ್ತರದಲ್ಲಿ ಭಾರ ಹೇರಿ ಕೆಳಗೆ ರಿಪೇರಿ ಮಾಡಿಸುವುದರಲ್ಲಿ ಅರ್ಥವಿಲ್ಲ. ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ. ಎತ್ತರ ಬದಲಾದರೆ ಮುಂದಿನ ಚಕ್ರದ ಓರೆಯೂ ಬದಲಾಗುತ್ತದೆ. ನನ್ನ ಹಳೇ ಟೈರುಗಳ ಒಳ ಅಂಚು ಅಂಗೈಯಷ್ಟು ನುಣ್ಣಗೆ ಸವೆದಿತ್ತು. ಪ್ಯಾನ್‌ಹಾರ್ಡ್ ರಾಡ್ ಮುಟ್ಟಲಿಲ್ಲ. ಗಾಡಿ ಮೇಲೆ ಬಂದ ಕೂಡಲೇ ಹಿಂದಿನ ಆಕ್ಸಲ್ ತಾನಾಗಿಯೇ ನಡುವಿಗೆ ಬಂತು.

ಪರಿಚಯದವರೊಬ್ಬರು, ಹಿಂದಿನ ಚಕ್ರಗಳಿಗೆ ಇನ್ನೂ ದಪ್ಪ ಸ್ಟೆಬಿಲೈಸರ್ ಬಾರ್ ಹಾಕಿಸು, ವಾಲುವುದೇ ಇಲ್ಲ ಅಂದರು. ಲೆಕ್ಕ ಅವರು ಹೇಳಿದಂತೆಯೇ ಇದೆ. 25 ಮಿಲಿಮೀಟರ್ ಬಾರಿನ ಜಾಗದಲ್ಲಿ 28 ಹಾಕಿದರೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಗಟ್ಟಿ. ಆದರೆ ನಾನು ಬೇಡ ಅಂದೆ. ಹಿಂದೆ ಗಟ್ಟಿ ಬಾರ್ ಇದ್ದರೆ ತಿರುವಿನ ಒಳಗಡೆಯ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗುತ್ತದೆ, ಹೊರಗಡೆಯದರ ಮೇಲೆ ಜಾಸ್ತಿಯಾಗುತ್ತದೆ. ಇದು ಹಿಂದಿನ ಚಕ್ರದಿಂದ ಓಡುವ ಗಾಡಿ. ಘಾಟಿ ಹತ್ತುವಾಗ, ಪಾಚಿ ಕಟ್ಟಿದ ಒದ್ದೆ ತಿರುವಿನಲ್ಲಿ ಒಳಗಡೆಯ ಚಕ್ರ ಸುಮ್ನೆ ತಿರುಗಲು ಶುರುವಾದರೆ, ಇಲ್ಲಾ ಹಿಂಭಾಗ ಹೊರಗೆ ಜಾರಿದರೆ, ಏನು ಗತಿ? ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ರಸ್ತೆ ಒಣಗುವುದೇ ಇಲ್ಲ. ಬಿಸಿಲ ನಾಡಿನವರು ಬೇಕಾದರೆ ಯೋಚನೆ ಮಾಡಲಿ. ಮಲೆನಾಡಿಗೆ ಅದು ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದನ್ನು ಕೈ ಹಿಡಿದು ಹೇಳಬೇಕು ಅನಿಸುತ್ತದೆ. ವಾಲುವುದು ಕಡಿಮೆಯಾಯಿತು ಅಂದರೆ ಉರುಳುವ ಭಯ ಕಡಿಮೆಯಾಯಿತು ಅಂತ ಅಲ್ಲ. ತಿರುವಿನಲ್ಲಿ ಒಳಗಡೆಯ ಚಕ್ರದಿಂದ ಹೊರಗಡೆಯ ಚಕ್ರಕ್ಕೆ ಹೋಗುವ ಭಾರ, ಗಾಡಿಯ ಭಾರ ಎಷ್ಟು ಎತ್ತರದಲ್ಲಿದೆ, ಚಕ್ರಗಳು ಎಷ್ಟು ಅಗಲಕ್ಕಿವೆ, ಎಷ್ಟು ವೇಗದಲ್ಲಿ ತಿರುಗಿಸಿದಿರಿ ಅನ್ನುವುದರ ಮೇಲೆ ನಿಂತಿದೆ. ಬಾರ್ ಹಾಕಿದರೆ ಅದು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಗಾಡಿ ಎಷ್ಟು ವಾಲುತ್ತದೆ ಅನ್ನುವುದರಿಂದಲೇ ನಮಗೆ ವೇಗದ ಅಂದಾಜು ಸಿಗುತ್ತಿತ್ತು. ಈಗ ಆ ಸೂಚನೆ ಕಡಿಮೆಯಾಗಿದೆ. ನಾನು ಮೊದಲು ಯಾವ ತಿರುವನ್ನು ಯಾವ ಗೇರಿನಲ್ಲಿ ತೆಗೆಯುತ್ತಿದ್ದೆನೋ ಈಗಲೂ ಹಾಗೇ ತೆಗೆಯುತ್ತೇನೆ.

ಹೋದ ತಿಂಗಳು ಮಣಿಪಾಲಕ್ಕೆ ಹೋಗಿದ್ದೆವು. ಅಮ್ಮ ಹೊಸ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿದಳು. ನಿಂಬೆಹಣ್ಣನ್ನು ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಆಗುಂಬೆ ಚೆಕ್‌ಪೋಸ್ಟ್ ದಾಟಿದೆವು. ನಾಲ್ಕನೇ ತಿರುವೋ ಐದನೇದೋ ಕಳೆದಾಗ ಕಣ್ಣ ಅಂಚಿನಲ್ಲಿ ನೋಡಿದೆ. ಕೈ ಹಿಡಿಯ ಮೇಲಿರಲಿಲ್ಲ, ಮಡಿಲಲ್ಲಿತ್ತು. ಕಿಟಕಿಯಿಂದ ಹೊರಗೆ ನೋಡುತ್ತಾ, "ಆ ಮರದಲ್ಲಿ ಎಷ್ಟು ಸಿಂಗಳೀಕ ಕೂತಿವೆ ನೋಡೇ" ಅಂದಳು. ಅವಳು ಈ ಘಾಟಿಯಲ್ಲಿ ಕಣ್ಣು ಬಿಟ್ಟು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಗಂಟಲು ಕಟ್ಟಿತು. ರಸ್ತೆ ನೋಡಿಕೊಂಡು ಹ್ಞೂಂ ಅಂದೆ.

ಒಂದು ಕೆಲಸ ಬಾಕಿ ಇದೆ. ಮಳೆ ಬಿದ್ದ ಮೇಲೆ ಆ ಪಾಲಿಯುರೆಥೇನ್ ಬುಶ್ ಕಿರ್ ಕಿರ್ ಅನ್ನಲು ಶುರುಮಾಡಿದೆ. ಗ್ರೀಸ್ ಒಣಗಿರಬೇಕು. ಸಿಲಿಕೋನ್ ಗ್ರೀಸ್ ತರಿಸಿ ಇಟ್ಟಿದ್ದೇನೆ. ಬರುವ ಭಾನುವಾರ ಎರಡು ಕ್ಲಾಂಪ್ ಬಿಚ್ಚಿ ನಾನೇ ಹಚ್ಚಬೇಕು.